ಕ್ಯಾನ್ಸಲ್ ಮಾಡಿ ಬಂದವರು

ತಿರುವನಂತಪುರದ ಚಾಲೈ ಪೇಟೆಯಿಂದ ಹಿಡಿದು ಕಾಸರಗೋಡಿನ ಬಸ್ ನಿಲ್ದಾಣದವರೆಗೆ, ಗಲ್ಫಿನಿಂದ ಊರಿಗೆ ಬಂದವನನ್ನು ಜನ ಕೇಳುವುದು ಎರಡೇ ಪ್ರಶ್ನೆ. ಯಾವಾಗ ಬಂದದ್ದು? ಯಾವಾಗ ಹೋಗುವುದು? ಎರಡನೆಯದಕ್ಕೆ ಉತ್ತರವಿಲ್ಲದವನು ‘ರಜೆ ಇನ್ನೂ ಇದೆ’ ಅನ್ನುತ್ತಾನೆ. ತಿಂಗಳು ಕಳೆದ ಮೇಲೆ ‘ಬೇರೆ ಕಂಪನಿಯ ವೀಸಾಕ್ಕೆ ಕಾಯುತ್ತಿದ್ದೇನೆ’ ಅನ್ನುತ್ತಾನೆ. ವೀಸಾ ಕ್ಯಾನ್ಸಲ್ ಮಾಡಿಸಿಕೊಂಡೇ ವಿಮಾನ ಹತ್ತಿದ್ದು ಎಂಬ ಮಾತು ಹೆಂಡತಿಗೆ ಮೊದಲು, ತಮ್ಮಂದಿರಿಗೆ ಆಮೇಲೆ, ನೆರೆಮನೆಯವರಿಗೆ ಕೊನೆಗೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿ ತಂದ ದುಡ್ಡು ಅರ್ಧ ಕರಗಿರುತ್ತದೆ.

ಹೊರದೇಶದ ದುಡಿಮೆ ಕೈಹಿಡಿಯದಿದ್ದಾಗ ಊರಿಗೆ ಮರಳುವ ನಿರ್ಧಾರದ ಬಗ್ಗೆ ಕೇರಳದಲ್ಲಿ ಅಧ್ಯಯನಗಳಾಗಿವೆ, ಸರ್ಕಾರಿ ಯೋಜನೆಗಳಿವೆ, ಸಿನಿಮಾಗಳಿವೆ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಬಲವಾಗಿ ಅನ್ನಿಸಿದ್ದು ಇಷ್ಟು. ಮರಳಿ ಬಂದದ್ದರಿಂದ ಕೆಟ್ಟವರಿಗಿಂತ, ಮರಳುವುದನ್ನು ಮುಂದೂಡುತ್ತ ಹೋಗಿ ಕೆಟ್ಟವರು ಹೆಚ್ಚು. ಕೈಯಲ್ಲಿ ಸ್ವಲ್ಪ ಕಾಸು, ಮೈಯಲ್ಲಿ ಸ್ವಲ್ಪ ಕಸುವು ಇರುವಾಗಲೇ ಬಂದವನು ಹೇಗೋ ನಿಲ್ಲುತ್ತಾನೆ. ಎರಡೂ ಮುಗಿದ ಮೇಲೆ ಬಂದವನನ್ನು ನಿಲ್ಲಿಸುವುದು ಯಾವ ಯೋಜನೆಗೂ ಕಷ್ಟ. ಹಾಗಾದರೆ ಬರಬೇಕಾದ ಹೊತ್ತಿಗೆ ಬರದಂತೆ ಅವನನ್ನು ತಡೆಯುವುದು ಯಾವುದು?

ಮೊದಲು ಲೆಕ್ಕ ನೋಡೋಣ. ತಿರುವನಂತಪುರದ ಉಳ್ಳೂರಿನಲ್ಲಿ, ಲಾರಿ ಬೇಕರ್ ಕಟ್ಟಿದ ಇಟ್ಟಿಗೆ ಕಟ್ಟಡಗಳಲ್ಲಿ ಇರುವ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಸಂಸ್ಥೆ 1998ರಲ್ಲಿ ಕೇರಳ ವಲಸೆ ಸಮೀಕ್ಷೆಯನ್ನು ಶುರುಮಾಡಿತು. ಜನಸಂಖ್ಯಾ ತಜ್ಞರಾದ ಕೆ. ಸಿ. ಝಕರಿಯಾ ಮತ್ತು ಎಸ್. ಇರುದಯ ರಾಜನ್ ಮನೆ ಮನೆಗೆ ಎಣಿಕೆದಾರರನ್ನು ಕಳಿಸಿ, ಹೋದವರೆಷ್ಟು, ಬಂದವರೆಷ್ಟು, ಕಳಿಸಿದ ಹಣವೆಷ್ಟು ಎಂದು ಬರೆಸಿದರು. ಆ ಮೊದಲ ಸುತ್ತಿನಲ್ಲೇ ಹೊರದೇಶದಲ್ಲಿದ್ದ ಕೇರಳೀಯರು ಸುಮಾರು 13.6 ಲಕ್ಷ, ಮರಳಿ ಬಂದು ಊರಲ್ಲಿದ್ದವರು 7.4 ಲಕ್ಷದಷ್ಟು. ಅಂದರೆ ಹೊರಗಿದ್ದ ಇಬ್ಬರಿಗೆ ಮರಳಿದ ಒಬ್ಬರಿಗಿಂತ ಹೆಚ್ಚು. 2023ರ ಸುತ್ತಿನಲ್ಲಿ ಹೊರಗಿದ್ದವರು ಸುಮಾರು 22 ಲಕ್ಷವಾದರೆ ಮರಳಿದವರು 18 ಲಕ್ಷ. 2018ರಲ್ಲಿ ಮರಳಿದವರ ಸಂಖ್ಯೆ 13 ಲಕ್ಷದ ಹತ್ತಿರ ಇತ್ತು. ಐದೇ ವರ್ಷದಲ್ಲಿ ಇಷ್ಟು ಏರಿದ್ದಕ್ಕೆ ನಡುವೆ ಬಂದ ಕೋವಿಡ್ ದೊಡ್ಡ ಕಾರಣ.

ಇನ್ನೂ ಮುಖ್ಯವಾದದ್ದು ಬಂದ ಕಾರಣಗಳ ಪಟ್ಟಿ. 2023ರ ಸಮೀಕ್ಷೆಯಲ್ಲಿ ಕೆಲಸ ಹೋಗಿ ಬಂದೆ ಅಂದವರು ಶೇ. 18ರಷ್ಟು, ಸಂಬಳ ಸಾಲದೆ ಬಂದವರು ಶೇ. 14ರ ಹತ್ತಿರ, ಕಾಯಿಲೆ ಅಥವಾ ಅಪಘಾತದಿಂದ ಬಂದವರು ಶೇ. 11, ಕೆಲಸದ ಪರಿಸ್ಥಿತಿ ಸಹಿಸಲಾಗದೆ ಬಂದವರು ಶೇ. 7ರಿಂದ 8. ಈ ನಾಲ್ಕನ್ನು ಕೂಡಿಸಿದರೆ ಅರ್ಧ ಆಯಿತು. ನಿವೃತ್ತಿಯಾಗಿ ನೆಮ್ಮದಿಯಿಂದ ಬಂದವರು ಶೇ. 12ರಷ್ಟು ಮಾತ್ರ. ಊರಿನವರ ಕಣ್ಣಿಗೆ ಮಾತ್ರ ಈ ಶೇ. 12 ಮಂದಿಯೇ ಕಾಣುತ್ತಾರೆ. ಮನೆ ಕಟ್ಟಿ, ಮಗಳ ಮದುವೆ ಮಾಡಿ, ದೊಡ್ಡ ಪೆಟ್ಟಿಗೆಯೊಡನೆ ಬಂದವರು. ಕಷ್ಟದಿಂದ ಬಂದ ಆ ಅರ್ಧ ಜನ ಒಬ್ಬೊಬ್ಬರೂ ತಾನೊಬ್ಬನೇ ಸೋತವನು ಎಂದುಕೊಂಡು ಮನೆಯೊಳಗೆ ಕುಳಿತಿರುತ್ತಾರೆ. ಒಂದು ಸಮೀಕ್ಷೆ ಮಾಡಬಹುದಾದ ದೊಡ್ಡ ಉಪಕಾರ ಇಲ್ಲಿದೆ ಎಂದು ನಾನು ನಂಬುತ್ತೇನೆ. ನಿನ್ನಂಥವರು ಲಕ್ಷಗಟ್ಟಲೆ ಇದ್ದಾರೆ ಎಂದು ಅದು ಲೆಕ್ಕ ಸಮೇತ ಹೇಳುತ್ತದೆ.

ವಲಸೆಯ ಜೊತೆಗೇ ಮರಳುವಿಕೆಯೂ ಇದೆ ಎಂಬುದನ್ನು ಪಂಡಿತರು ಬಹಳ ಹಿಂದೆಯೇ ಗುರುತಿಸಿದ್ದರು. ಹೋಗುವ ಪ್ರತಿ ಪ್ರವಾಹಕ್ಕೂ ಮರಳುವ ಪ್ರವಾಹವೊಂದು ಇರುತ್ತದೆ ಎಂದು ರಾವೆನ್‌ಸ್ಟೈನ್ 1885ರಲ್ಲೇ ಬರೆದ. ಅಮೆರಿಕದಿಂದ ದಕ್ಷಿಣ ಇಟಲಿಗೆ ಮರಳಿದವರನ್ನು ಅಭ್ಯಸಿಸಿದ ಫ್ರಾನ್ಸೆಸ್ಕೊ ಚೆರಾಸೆ 1974ರಲ್ಲಿ ಮರಳುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ: ಸೋತು ಬಂದವರು, ಹಳೆಯ ಬದುಕಿಗೇ ಸೇರಿಕೊಳ್ಳಲು ಬಂದವರು, ನಿವೃತ್ತರಾಗಿ ಬಂದವರು, ಹೊಸದೇನನ್ನೋ ಮಾಡಲು ಬಂದವರು. ನನಗೆ ಇವರೆಲ್ಲರಿಗಿಂತ ಉಪಯುಕ್ತವೆನಿಸುವುದು 2004ರಲ್ಲಿ ಜಾನ್ ಪಿಯೆರ್ ಕಸಾರಿನೊ ಮಂಡಿಸಿದ ವಾದ. ಅವನ ಪ್ರಕಾರ ಮರಳಿದವನ ಮುಂದಿನ ಬದುಕನ್ನು ನಿರ್ಧರಿಸುವುದು ಗೆಲುವು ಸೋಲುಗಳಿಗಿಂತ ಹೆಚ್ಚಾಗಿ ಅವನ ಸಿದ್ಧತೆ. ಬರುವ ಮನಸ್ಸು ತನ್ನದೇ ಆಗಿತ್ತೇ, ಬರುವ ಮೊದಲು ಹಣ, ಮಾಹಿತಿ, ಸಂಪರ್ಕಗಳನ್ನು ಕೂಡಿಸಿಕೊಳ್ಳಲು ಸಮಯ ಸಿಕ್ಕಿತ್ತೇ? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಕೇರಳದ ಅನುಭವವನ್ನು ನೋಡಿದರೆ ಬಹಳಷ್ಟು ತಿಳಿಯಾಗುತ್ತದೆ.

ಸಮಯ ಸಿಗದೆ ಬಂದವರ ಚರಿತ್ರೆ ದೊಡ್ಡದು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರು ಮರುಭೂಮಿ ದಾಟಿ ಜೋರ್ಡನ್ನಿನ ಅಮ್ಮಾನ್ ತಲುಪಿ ಏರ್ ಇಂಡಿಯಾ ವಿಮಾನಗಳಲ್ಲಿ ಮರಳಿದರು. ಕುವೈತಿನ ಬ್ಯಾಂಕಿನಲ್ಲಿದ್ದ ಉಳಿತಾಯ ಒಂದೇ ರಾತ್ರಿಯಲ್ಲಿ ಕೈಗೆಟುಕದಂತಾಯಿತು. 2013ರಲ್ಲಿ ಸೌದಿ ಅರೇಬಿಯ ತನ್ನವರಿಗೆ ಕೆಲಸ ಮೀಸಲಿಡುವ ನಿತಾಕತ್ ನಿಯಮವನ್ನು ಬಿಗಿಗೊಳಿಸಿದಾಗ, ವೀಸಾ ಕೊಟ್ಟ ಪ್ರಾಯೋಜಕ, ಅಂದರೆ ಕಫೀಲ್, ಒಬ್ಬ, ಕೆಲಸ ಇನ್ನೊಬ್ಬನ ಬಳಿ ಎಂಬ ಸ್ಥಿತಿಯಲ್ಲಿದ್ದ ‘ಫ್ರೀ ವೀಸಾ’ದ ಜನರು ಮೂಟೆ ಕಟ್ಟಬೇಕಾಯಿತು. ಆಮೇಲೆ 2020. ಮೇ 7ರ ರಾತ್ರಿ ವಂದೇ ಭಾರತ್ ಯೋಜನೆಯ ಮೊದಲ ವಿಮಾನ ಅಬುಧಾಬಿಯಿಂದ ನೆಡುಂಬಾಶ್ಶೇರಿಗೆ ಇಳಿಯಿತು. ಮೂರು ದಿನ ಬಿಟ್ಟು ನೌಕಾಪಡೆಯ ಜಲಾಶ್ವ ಹಡಗು ಮಾಲ್ಡೀವ್ಸ್‌ನಿಂದ 698 ಮಂದಿಯನ್ನು ಕೊಚ್ಚಿ ಬಂದರಿಗೆ ತಂದಿತು. ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣ 1999ರಲ್ಲಿ ತೆರೆದದ್ದು. ಸಾವಿರಾರು ಅನಿವಾಸಿಗಳ ಷೇರು ಹಣ ಅದರಲ್ಲಿದೆ. ಗಲ್ಫಿನ ದುಡಿಮೆ ಕಟ್ಟಿದ ಆ ನಿಲ್ದಾಣದಲ್ಲೇ ಗಲ್ಫಿನ ದುಡಿಮೆ ಕಳೆದುಕೊಂಡವರು ಮುಖಗವಸು ಹಾಕಿಕೊಂಡು ಸಾಲುಗಟ್ಟಿ ನಿಂತರು. ಮುಂದಿನ ಒಂದು ವರ್ಷದಲ್ಲಿ ಕೆಲಸ ಹೋಯಿತೆಂದು ಬರೆಸಿ ಕೇರಳಕ್ಕೆ ಬಂದವರೇ ಹತ್ತು ಲಕ್ಷದಷ್ಟಾದರು. ಅವರಲ್ಲಿ ಅನೇಕರು ಕೊನೆಯ ತಿಂಗಳುಗಳ ಸಂಬಳವನ್ನೂ ಸೇವೆ ಮುಗಿದಾಗ ಸಿಗಬೇಕಾದ ಗ್ರಾಚ್ಯುಯಿಟಿಯನ್ನೂ ಬಿಟ್ಟು ಬಂದರು. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಗಳಿಗೆ, ವರ್ಷವೊಂದಕ್ಕೆ 21 ದಿನದ ಮೂಲವೇತನ, ಅದರಾಚೆಗೆ 30 ದಿನದ್ದು. ಹದಿನೈದು ವರ್ಷ ದುಡಿದವನಿಗೆ ಅದು ಊರಲ್ಲಿ ಒಂದು ಅಂಗಡಿ ಹಾಕುವಷ್ಟು ಹಣ.

ಆದರೆ ಯುದ್ಧವೂ ಇಲ್ಲದ, ರೋಗವೂ ಇಲ್ಲದ ದಿನಗಳಲ್ಲಿ ಮರಳುವ ಮನಸ್ಸನ್ನು ಕಟ್ಟಿಹಾಕುವುದು ಸಾಲ. ಇದಕ್ಕೆ 2014ರ ತಿಕ್ರಿತ್ ನರ್ಸುಗಳ ಘಟನೆಗಿಂತ ಕಠೋರವಾದ ಉದಾಹರಣೆ ನನಗೆ ತೋರುವುದಿಲ್ಲ. ಇರಾಕಿನ ತಿಕ್ರಿತ್ ಪಟ್ಟಣವನ್ನು ಐಸಿಸ್ ಹಿಡಿದಾಗ ಅಲ್ಲಿನ ಆಸ್ಪತ್ರೆಯಲ್ಲಿ 46 ಭಾರತೀಯ ನರ್ಸುಗಳು ಸಿಕ್ಕಿಬಿದ್ದರು. ಬಹುತೇಕ ಎಲ್ಲರೂ ಕೇರಳದ ಹೆಣ್ಣುಮಕ್ಕಳು. ಹೊರಗೆ ಗುಂಡಿನ ಸದ್ದು ಕೇಳುತ್ತಿದ್ದಾಗಲೂ ಅವರಲ್ಲಿ ಕೆಲವರು ಊರಿಗೆ ಹೊರಡಲು ಹಿಂದೆಮುಂದೆ ನೋಡಿದರು ಎಂದು ಆಗಿನ ವರದಿಗಳು ಹೇಳುತ್ತವೆ. ಕಾರಣ, ನರ್ಸಿಂಗ್ ಓದಿಗೆ ಮಾಡಿದ ಸಾಲ, ಏಜೆಂಟನಿಗೆ ಕೊಟ್ಟ ಸಾಲ, ಬಾಕಿ ಉಳಿದ ತಿಂಗಳುಗಳ ಸಂಬಳ. ಬರಿಗೈಯಲ್ಲಿ ಮನೆಗೆ ಹೋಗಿ ಏನು ಮಾಡುವುದು ಎಂಬ ಹೆದರಿಕೆ ಬಂದೂಕಿನ ಹೆದರಿಕೆಗೆ ಸಮನಾಗಿ ನಿಂತಿತು. ಕೊನೆಗೆ ಜುಲೈ 5ರಂದು ಎರ್ಬಿಲ್‌ನಿಂದ ವಿಶೇಷ ವಿಮಾನದಲ್ಲಿ ಅವರು ಕೊಚ್ಚಿಗೆ ಬಂದಿಳಿದರು. ಇಡೀ ರಾಜ್ಯ ಸಂಭ್ರಮಪಟ್ಟಿತು. 2017ರಲ್ಲಿ ‘ಟೇಕ್ ಆಫ್’ ಎಂಬ ಸಿನಿಮಾವೂ ಬಂತು. ಸಾಲದ ಕಂತು ಮಾತ್ರ ಮರುತಿಂಗಳೇ ಮನೆಬಾಗಿಲಿಗೆ ಬರುವಂಥದ್ದು.

ಈ ಸಾಲ ಎಲ್ಲಿಂದ ಹುಟ್ಟುತ್ತದೆ ಎಂಬುದು ಗುಟ್ಟೇನಲ್ಲ. ನೋಂದಾಯಿತ ನೇಮಕಾತಿ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಕಾನೂನು 30,000 ರೂಪಾಯಿಯ ಮಿತಿ ಹಾಕಿದೆ. ಕೊಡುವವರು ಲಕ್ಷಗಳಲ್ಲಿ ಕೊಡುತ್ತಾರೆ, ರಸೀದಿ ಇಲ್ಲದೆ ಕೊಡುತ್ತಾರೆ. 2015ರಲ್ಲಿ ಕುವೈತಿನ ನರ್ಸ್ ನೇಮಕಾತಿಯಲ್ಲಿ 19,500 ರೂಪಾಯಿ ಪಡೆಯಬೇಕಾದಲ್ಲಿ 19.5 ಲಕ್ಷದವರೆಗೆ ವಸೂಲಿ ಮಾಡಲಾಗಿದೆ ಎಂಬ ಆರೋಪದ ಮೇಲೆ ಕೊಚ್ಚಿಯಲ್ಲಿ ಸಿಬಿಐ ತನಿಖೆಯೇ ನಡೆಯಿತು. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ಸೇರಿದಂತೆ ಹಲವು ದೇಶಗಳ ನರ್ಸ್ ನೇಮಕಾತಿಯನ್ನು ನೋರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಸಬೇಕೆಂದು ಆದೇಶಿಸಿತು. ಮರಳುವವರ ಕಷ್ಟ ಕಡಿಮೆ ಮಾಡಲು ಈವರೆಗೆ ಆದ ಕೆಲಸಗಳಲ್ಲಿ ಇದು ಬಹಳ ಒಳ್ಳೆಯದು ಎಂದು ನಾನು ಎಣಿಸುತ್ತೇನೆ. ಸಾಲವಿಲ್ಲದೆ ಹೋದವಳಿಗೆ ಬೇಡವೆನಿಸಿದ ದಿನ ಹೊರಡುವ ಸ್ವಾತಂತ್ರ್ಯ ಇರುತ್ತದೆ.

ಸಾಲದ ಜೊತೆಗೆ ಇನ್ನೊಂದಿದೆ, ಮರ್ಯಾದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ದುಬೈಯಲ್ಲಿ ಸಾವಿರ ದಿರ್ಹಮ್‌ನ ಕೆಲಸ ಎಂದರೆ 2024ರ ವಿನಿಮಯ ದರದಲ್ಲಿ ಸುಮಾರು 23,000 ರೂಪಾಯಿ. ಅದರಲ್ಲಿ ಊಟ, ಫೋನ್, ಔಷಧಿ ಕಳೆದು ಮನೆಗೆ ಕಳಿಸಬೇಕು. ರಿಸರ್ವ್ ಬ್ಯಾಂಕಿನ ಕೈಪಿಡಿಯ ಪ್ರಕಾರ 2022-23ರಲ್ಲಿ ಕೇರಳದ ಗ್ರಾಮೀಣ ಕಟ್ಟಡ ಕಾರ್ಮಿಕನ ದಿನಗೂಲಿ ಸರಾಸರಿ 852 ರೂಪಾಯಿ. ದೇಶದ ಸರಾಸರಿ 393. ತಿಂಗಳಿಗೆ 25 ದಿನ ಕೆಲಸ ಸಿಕ್ಕರೆ 21,000 ದಾಟುತ್ತದೆ, ಮನೆಯ ಊಟ ಬೇರೆ. ಅಂದರೆ ಅತಿ ಕಡಿಮೆ ಸಂಬಳದ ಗಲ್ಫ್ ಕೆಲಸಗಾರನಿಗೆ ಊರಿಗೆ ಬಂದರೆ ಹಣದಲ್ಲಿ ಆಗುವ ನಷ್ಟ ಅವನು ಹೆದರುವಷ್ಟಿಲ್ಲ. ಆದರೂ ಬರುವುದಿಲ್ಲ. ಬಂದರೂ ಆ ಕೂಲಿಗೆ ಹೋಗುವುದಿಲ್ಲ. ಶಾರ್ಜಾದಲ್ಲಿ ಸಿಮೆಂಟ್ ಹೊತ್ತದ್ದು ಯಾರಿಗೂ ಗೊತ್ತಿಲ್ಲ, ತನ್ನೂರು ಆಟ್ಟಿಂಗಲ್‌ನಲ್ಲಿ ಹೊತ್ತರೆ ಮಾವನ ಮನೆಯವರಿಗೆ ಗೊತ್ತಾಗುತ್ತದೆ. ಅವನು ಬಿಟ್ಟುಹೋದ ಆ ಕೆಲಸಗಳನ್ನು ಈಗ ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದವರು ಮಾಡುತ್ತಿದ್ದಾರೆ. ತಿರುವನಂತಪುರದ ಗುಲಾಟಿ ಸಂಸ್ಥೆಯ 2013ರ ಅಧ್ಯಯನ ಅಂಥವರ ಸಂಖ್ಯೆಯನ್ನು 25 ಲಕ್ಷವೆಂದು ಅಂದಾಜಿಸಿತ್ತು. ಕೇರಳದವರು ಹೊರಗೆ ಹೋಗಿ ದುಡಿದಷ್ಟೇ ದೊಡ್ಡ ಜನಸ್ತೋಮ ಕೇರಳದೊಳಗೆ ಬಂದು ದುಡಿಯುತ್ತಿದೆ. ಊರಲ್ಲಿ ಕೆಲಸವೇ ಇಲ್ಲ ಎಂಬ ಮಾತು ಅರ್ಧ ಸತ್ಯ. ಊರಲ್ಲಿ ತನ್ನವರ ಕಣ್ಣೆದುರು ಮಾಡಬಹುದಾದ ಕೆಲಸ ಇಲ್ಲ ಎಂಬುದು ಪೂರ್ತಿ ಸತ್ಯ.

ಹಾಗಾಗಿ ಮರಳಿದವರು ಮೊದಲು ಯೋಚಿಸುವುದು ಅಂಗಡಿ. ಸ್ವಂತ ಅಂಗಡಿ ಎಂದರೆ ಯಾರ ಕೈಕೆಳಗೂ ಇಲ್ಲ, ಮರ್ಯಾದೆಗೂ ಕುಂದಿಲ್ಲ. ಬೇಕರಿ, ಮೊಬೈಲ್ ಅಂಗಡಿ, ಕೋಳಿ ಫಾರ್ಮ್, ಅರಬ್ಬಿ ‘ಮಂದಿ’ ಊಟದ ಹೋಟೆಲು, ಒಂದು ಟ್ಯಾಕ್ಸಿ. ಇವುಗಳಲ್ಲಿ ಎಷ್ಟೋ ಎರಡು ವರ್ಷ ತುಂಬುವ ಮೊದಲೇ ಬಾಗಿಲು ಹಾಕುತ್ತವೆ. ಚಾಲೈಯನ್ನು ನೋಡಿದರೆ ಯಾಕೆ ಎಂದು ತಿಳಿಯುತ್ತದೆ. ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ 18ನೇ ಶತಮಾನದ ಕೊನೆಗೆ ಕಟ್ಟಿಸಿದ ಪೇಟೆ ಅದು. ಕಿಳಕ್ಕೇಕೋಟೆಯಿಂದ ಒಳಕ್ಕೆ ಹೋದರೆ ಅಕ್ಕಿ, ಬೇಳೆ, ಮೆಣಸು, ಪಾತ್ರೆ, ಹೂವು ಎಂದು ಸಾಲು ಸಾಲು ಅಂಗಡಿ. ತಮಿಳು ವರ್ತಕರು, ಮುಸ್ಲಿಂ ವರ್ತಕರು, ತಲೆಮಾರುಗಳಿಂದ ಅದೇ ಜಾಗದಲ್ಲಿ ಕುಳಿತವರು. ಇಂಥ ಪೇಟೆಯಲ್ಲಿ ಸರಕು ಓಡುವುದು ಉದ್ರಿಯ ಮೇಲೆ, ಉದ್ರಿ ನಿಲ್ಲುವುದು ಪರಿಚಯದ ಮೇಲೆ. ಯಾರ ಮಾತು ನಂಬಬಹುದು, ಓಣಂ ಹೊತ್ತಿಗೆ ಯಾವ ಸರಕು ಎಷ್ಟು ಎತ್ತಬೇಕು, ಯಾವ ಗಿರಾಕಿಗೆ ಎಷ್ಟು ದಿನ ಕಾಯಬಹುದು ಎಂಬುದೆಲ್ಲ ಅಲ್ಲಿಯೇ ಕುಳಿತು ಕಲಿಯುವ ವಿದ್ಯೆ. ಇಪ್ಪತ್ತು ವರ್ಷ ಹೊರಗಿದ್ದವನು ಊರಿಗೆ ಬರುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ, ತಿಂಗಳ ಮಟ್ಟಿಗೆ, ಖರ್ಚು ಮಾಡುವವನಾಗಿ. ಪೇಟೆ ಅವನನ್ನು ಬಲ್ಲದ್ದು ಕೊಳ್ಳುವವನೆಂದು ಮಾತ್ರ. ಅವನು ಮಾರುವವನಾಗಿ ಬಂದು ಕುಳಿತಾಗ ಬಂಡವಾಳ ಇರುತ್ತದೆ, ಬಳಕೆ ಇರುವುದಿಲ್ಲ.

ಸಾಲು ಅಂಗಡಿಗಳ ಲೋಕ ಬಿಟ್ಟು ದೊಡ್ಡ ಉದ್ಯಮಕ್ಕೆ ಕೈಹಾಕಿದವರ ಪಾಡನ್ನು 1989ರ ಮಲಯಾಳಂ ಸಿನಿಮಾ ‘ವರವೇಲ್ಪು’ ಹೇಳಿತು. ಶ್ರೀನಿವಾಸನ್ ಬರೆದು ಸತ್ಯನ್ ಅಂತಿಕ್ಕಾಡ್ ನಿರ್ದೇಶಿಸಿದ ಆ ಚಿತ್ರದಲ್ಲಿ ಗಲ್ಫಿನಿಂದ ಮರಳಿದ ಮುರಳಿ, ಮೋಹನ್‌ಲಾಲ್ ಮಾಡಿದ ಪಾತ್ರ, ಉಳಿತಾಯವನ್ನೆಲ್ಲ ಸುರಿದು ‘ಗಲ್ಫ್ ಮೋಟರ್ಸ್’ ಹೆಸರಿನ ಬಸ್ಸೊಂದನ್ನು ಕೊಳ್ಳುತ್ತಾನೆ. ಬಂಧುಗಳು, ಕಾರ್ಮಿಕ ಸಂಘ, ಅಧಿಕಾರಿಗಳು ಸೇರಿ ಅವನನ್ನು ಬರಿದು ಮಾಡುತ್ತಾರೆ. 2003ರಲ್ಲಿ ಕೊಚ್ಚಿಯ ಹೂಡಿಕೆದಾರರ ಸಮಾವೇಶಕ್ಕೆ ಬಂದ ಪ್ರಧಾನಿ ವಾಜಪೇಯಿ ತಮ್ಮ ಭಾಷಣದಲ್ಲೇ ಈ ಚಿತ್ರವನ್ನು ಪ್ರಸ್ತಾಪಿಸಿದರು. ಆದರೆ ಕಾರ್ಮಿಕ ಸಂಘದತ್ತ ಮಾತ್ರ ಬೆರಳು ಮಾಡುವವರು ಆ ಚಿತ್ರದ ಮೊದಲರ್ಧವನ್ನು ಮರೆಯುತ್ತಾರೆ. ಮುರಳಿ ಊರಲ್ಲೇ ಉಳಿಯುತ್ತಾನೆ ಎಂದು ಗೊತ್ತಾದೊಡನೆ ಅಣ್ಣಂದಿರ ಮನೆಯಲ್ಲಿ ಸತ್ಕಾರ ಬದಲಾಗುತ್ತದೆ. 2015ರ ‘ಪತ್ತೇಮಾರಿ’ಯಲ್ಲಿ ಮಮ್ಮೂಟ್ಟಿ ಮಾಡಿದ ನಾರಾಯಣನಿಗೂ ಅದೇ ಗತಿ. ಅವನು ಸಾಕು ಎಂದುಕೊಂಡಾಗಲೆಲ್ಲ ಮನೆಗೆ ಇನ್ನೊಂದು ಖರ್ಚು ಬರುತ್ತದೆ. ಕೊನೆಗೆ ಊರಿಗೆ ಬರುವುದು ಅವನ ದೇಹ. ಮರಳುವ ನಿರ್ಧಾರವನ್ನು ಒಬ್ಬನ ನಿರ್ಧಾರ ಎಂದು ನೋಡುವುದೇ ತಪ್ಪು ಎಂದು ಈ ಎರಡು ಚಿತ್ರಗಳು ನನಗೆ ಮನವರಿಕೆ ಮಾಡಿವೆ. ಬೇಡ, ಬಂದುಬಿಡು ಎಂದು ಮನೆಯವರು ಫೋನಿನಲ್ಲಿ ಹೇಳುವ ಒಂದು ಮಾತಿಗೆ ಇರುವ ಶಕ್ತಿ ದೊಡ್ಡದು. ಹಾಗೆ ಹೇಳುವ ಮನೆಗಳೂ ಇವೆ, ಮತ್ತು ಹೇಳುವವಳು ಸಾಮಾನ್ಯವಾಗಿ ಹೆಂಡತಿ. ಲೀಲಾ ಗುಲಾಟಿ ಗಂಡಂದಿರು ಹೊರದೇಶಕ್ಕೆ ಹೋದ ಕೇರಳದ ಮನೆಗಳ ಹೆಂಗಸರ ಬಗ್ಗೆ 1993ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬ್ಯಾಂಕು, ಶಾಲೆ, ಆಸ್ಪತ್ರೆ, ಸಾಲದವರು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳಿಗೆ ಮನೆಯ ನಿಜವಾದ ಲೆಕ್ಕ ಗಂಡನಿಗಿಂತ ಚೆನ್ನಾಗಿ ಗೊತ್ತು. ಮರಳುವ ಮಾತು ಅವಳೊಡನೆ ಮೊದಲು ಆಗಬೇಕು.

ಈಗ ಈ ಕಥೆ ಇನ್ನೊಂದು ದಿಕ್ಕಿಗೆ ಹರಡಿದೆ. ಹೊರಗೆ ಓದಲು ಹೋದ ಕೇರಳದ ವಿದ್ಯಾರ್ಥಿಗಳು 2018ರಲ್ಲಿ 1.29 ಲಕ್ಷ ಇದ್ದದ್ದು 2023ಕ್ಕೆ 2.5 ಲಕ್ಷ ಆಯಿತು. ಮನೆ ಅಡವಿಟ್ಟು, ಶಿಕ್ಷಣ ಸಾಲ ತೆಗೆದು ಕೆನಡಾ, ಬ್ರಿಟನ್ನಿಗೆ ಹೋದ ಇವರಿಗೆ ಓದು ಎಷ್ಟು ಮುಖ್ಯವೋ ಅಲ್ಲಿ ನೆಲೆಯೂರುವುದು ಅಷ್ಟೇ ಮುಖ್ಯವಾಗಿತ್ತು. 2024ರ ಜನವರಿಯಲ್ಲಿ ಕೆನಡಾ ವಿದ್ಯಾರ್ಥಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ಅದೇ ತಿಂಗಳಿಂದ ಬ್ರಿಟನ್ ಬಹುತೇಕ ವಿದ್ಯಾರ್ಥಿಗಳಿಗೆ ಸಂಗಾತಿ, ಮಕ್ಕಳನ್ನು ಕರೆತರುವ ಅವಕಾಶ ನಿಲ್ಲಿಸಿತು. ಮಾರ್ಚ್‌ನಲ್ಲಿ ವೃದ್ಧರ ಆರೈಕೆಗೆ ಹೋಗುವ ಕೇರ್ ವರ್ಕರ್‌ಗಳಿಗೂ ಅದೇ ನಿಯಮ ಬಂತು. 2025ರ ಜುಲೈಯಲ್ಲಿ ಹೊರದೇಶದಿಂದ ಹೊಸ ಕೇರ್ ವರ್ಕರ್‌ಗಳನ್ನು ನೇಮಿಸುವ ದಾರಿಯೇ ಮುಚ್ಚಿತು. ಗಲ್ಫಿಗೆ ಹೋದವನಿಗೆ ಒಂದು ದಿನ ಮರಳಲೇಬೇಕು ಎಂಬುದು ಮೊದಲ ದಿನದಿಂದ ಗೊತ್ತಿರುತ್ತದೆ, ಆ ದೇಶಗಳು ಸಾಮಾನ್ಯ ಕೆಲಸಗಾರರಿಗೆ ಪೌರತ್ವ ಕೊಡುವುದಿಲ್ಲ. ಪಶ್ಚಿಮಕ್ಕೆ ಹೋದ ಇಪ್ಪತ್ತೆರಡರ ಹುಡುಗಿಗೆ ಮರಳುವ ಯೋಚನೆಯನ್ನೇ ಮನೆಯಲ್ಲಿ ಯಾರೂ ಕಲಿಸಿಲ್ಲ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ, ಕೆಲಸ ಹೋದ ಮೇಲೆ ಸಿಗುವ ಅರುವತ್ತು ದಿನದ ಗಡುವಿನಲ್ಲಿ ಒದ್ದಾಡುವ ನಮ್ಮ ಟೆಕ್ಕಿಗಳಿಗೆ ಕನಿಷ್ಠ ಒಂದು ಪದವಿ, ಒಂದು ಅನುಭವ ಇರುತ್ತದೆ. ಈ ಹುಡುಗಿಗೆ ಇರುವುದು ಊರಲ್ಲಿ ಬೆಲೆಯಿಲ್ಲದ ಒಂದು ಡಿಪ್ಲೊಮಾ ಮತ್ತು ಅಪ್ಪನ ಹೆಸರಿನ ಸಾಲ.

ಸರ್ಕಾರ ಮಾಡಿದ್ದೇನು? ಕೇರಳ 1996ರಲ್ಲಿ ಅನಿವಾಸಿಗಳಿಗಾಗಿಯೇ ಒಂದು ಇಲಾಖೆ ತೆರೆಯಿತು, 2002ರಲ್ಲಿ ನೋರ್ಕಾ ರೂಟ್ಸ್ ಬಂತು. ಮರಳಿದವರ ಪುನರ್ವಸತಿಗೆ ಅದು ನಡೆಸುವ ಸಾಲ ಯೋಜನೆಯಲ್ಲಿ, ಎರಡು ವರ್ಷವಾದರೂ ಹೊರಗೆ ದುಡಿದು ಬಂದವರಿಗೆ 30 ಲಕ್ಷದವರೆಗಿನ ಉದ್ಯಮಕ್ಕೆ ಬ್ಯಾಂಕ್ ಸಾಲ, ಅದರ ಮೇಲೆ ಶೇ. 15ರ, ಗರಿಷ್ಠ 3 ಲಕ್ಷದ ಸಬ್ಸಿಡಿ, ಮೊದಲ ನಾಲ್ಕು ವರ್ಷ ಬಡ್ಡಿಯಲ್ಲಿ ಶೇ. 3ರ ರಿಯಾಯಿತಿ ಇದೆ. ‘ಸಾಂತ್ವನ’ ಯೋಜನೆಯಲ್ಲಿ ಚಿಕಿತ್ಸೆಗೆ ನೆರವಿದೆ. 2008ರ ಕಾಯಿದೆಯಿಂದ ಹುಟ್ಟಿದ ಪ್ರವಾಸಿ ಕ್ಷೇಮನಿಧಿ ಮಂಡಳಿ ವಂತಿಗೆ ಕಟ್ಟಿದವರಿಗೆ ಅರುವತ್ತರ ನಂತರ ಪಿಂಚಣಿ ಕೊಡುತ್ತದೆ. ಇವೆಲ್ಲ ಒಳ್ಳೆಯವು, ಇರಬೇಕಾದವು. ಆದರೆ ಒಂದು ಮಾತು ಹೇಳಲೇಬೇಕು. ಸಾಲದಿಂದ ಬೆಂದು ಬಂದವನ ಮುಂದೆ ಇನ್ನೊಂದು ಸಾಲದ ಅರ್ಜಿಯನ್ನು ಇಡುವುದು, ಉದ್ಯಮ ಗೊತ್ತಿಲ್ಲದವನನ್ನು ಉದ್ಯಮಿಯಾಗು ಎನ್ನುವುದು, ಯೋಜನೆಯ ದೊಡ್ಡ ಕೊರತೆ. ಮರಳಿದ ಹತ್ತು ಮಂದಿಯಲ್ಲಿ ಒಬ್ಬ ವ್ಯಾಪಾರಿ ಆಗಬಲ್ಲ. ಉಳಿದವರಿಗೆ ಬೇಕಾದದ್ದು ಸಂಬಳದ ಕೆಲಸ. ಕ್ರೇನ್ ನಡೆಸಿದವನು, ಎಸಿ ದುರಸ್ತಿ ಮಾಡಿದವನು, ಆಸ್ಪತ್ರೆಯ ಐಸಿಯುನಲ್ಲಿ ದುಡಿದವಳು ಕಲಿತ ವಿದ್ಯೆಗೆ ಇಲ್ಲಿ ಯಾರಾದರೂ ಪ್ರಮಾಣಪತ್ರ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳಬೇಕು. ಮರಳಿದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಸಂಸ್ಥೆಗಳಿಗೆ ಅವರ ಸಂಬಳದ ಒಂದು ಪಾಲನ್ನು ನೋರ್ಕಾ ಕೊಡುವ ಯೋಜನೆಯೊಂದು ಇತ್ತೀಚೆಗೆ ಶುರುವಾಗಿದೆ. ಅದು ಸರಿಯಾದ ದಿಕ್ಕು.

ಕನ್ನಡದ ಓದುಗರಿಗೆ ಇದೆಲ್ಲ ಪಕ್ಕದ ರಾಜ್ಯದ ಸುದ್ದಿ ಅನ್ನಿಸಬಾರದು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ, ತುಳು, ಬ್ಯಾರಿ ಮಾತಾಡುವ ಮನೆಗಳು ಕೇರಳದ ಲೆಕ್ಕದಲ್ಲಿವೆ. ಅಲ್ಲಿಂದ ಅಬುಧಾಬಿಗೆ ಹೋಗಿ ಮರಳಿದವನಿಗೆ ನೋರ್ಕಾದ ಸಾಲ ಯೋಜನೆಗೆ, ವಂತಿಗೆ ಕಟ್ಟಿದ್ದರೆ ಪಿಂಚಣಿಗೆ ಹಕ್ಕಿದೆ. ತಲಪಾಡಿಯ ಗಡಿ ದಾಟಿದರೆ ಉಳ್ಳಾಲ. ಅದೇ ಕಂಪನಿಯಲ್ಲಿ, ಅದೇ ಲೇಬರ್ ಕ್ಯಾಂಪಿನ ಪಕ್ಕದ ಮಂಚದಲ್ಲಿ ಮಲಗಿ ದುಡಿದವನಿಗೆ ಅಂಥ ಪಿಂಚಣಿ ಮಂಡಳಿಯಿಲ್ಲ. ಬೆಂಗಳೂರಿನಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಸಿಕ್ಕಿಬಿದ್ದವರನ್ನು ಕರೆತರುವ ಕೆಲಸ ಅದು ಮಾಡುತ್ತ ಬಂದಿದೆ. ಅನಿವಾಸಿ ಕನ್ನಡಿಗರಿಗೆ ಪ್ರತ್ಯೇಕ ಸಚಿವಾಲಯ ಬೇಕೆಂಬ ಬೇಡಿಕೆ ಹಳೆಯದು. 2020ರಲ್ಲಿ ಕೊಚ್ಚಿಗೆ ಮೊದಲ ವಿಮಾನ ಬಂದದ್ದು ಮೇ 7ಕ್ಕೆ, ದುಬೈಯಿಂದ ಮಂಗಳೂರಿಗೆ ಬಂದದ್ದು 12ಕ್ಕೆ. ಐದು ದಿನದ ಅಂತರ ದೊಡ್ಡದಲ್ಲ. ಎಣಿಕೆಯ ಅಂತರ ಮಾತ್ರ ದೊಡ್ಡದು. ಗೋವಾ 2008ರಲ್ಲಿ, ತಮಿಳುನಾಡು 2015ರಲ್ಲಿ ಕೇರಳದ ಮಾದರಿಯಲ್ಲಿ ಮನೆ ಮನೆಯ ವಲಸೆ ಸಮೀಕ್ಷೆ ಮಾಡಿದವು. ಕರಾವಳಿ, ಭಟ್ಕಳ, ಕಲಬುರಗಿಯಿಂದ ಇಷ್ಟು ಜನ ಹೋಗಿಬರುವ ಕರ್ನಾಟಕದಲ್ಲಿ ಮರಳಿ ಬಂದು ಸುಮ್ಮನೆ ಕುಳಿತವರೆಷ್ಟು ಎಂದು ಮನೆ ಮನೆಗೆ ಹೋಗಿ ಕೇಳಿದವರಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ, ಈ ಎರಡು ಜಿಲ್ಲೆಗಳಿಂದಲಾದರೂ ಇದು ಶುರುವಾಗಬೇಕು. ಪಂಚಾಯಿತಿಯ ಮಟ್ಟದಲ್ಲಿ ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯವರು ಮರಳಿದ್ದಾರೆಂದು ಆಗಲೇ ಗೊತ್ತಿದೆ, ಕೇಳುವವರು ಬೇಕು ಅಷ್ಟೆ.

ಅಲ್ಲಿಯವರೆಗೆ, ಇಂದು ನಾಳೆ ಹೊರಡಲು ಯೋಚಿಸುತ್ತಿರುವವರಿಗೆ ಕೆಲವು ಮಾತು. ವೀಸಾ ಕ್ಯಾನ್ಸಲ್ ಪತ್ರಕ್ಕೆ ಸಹಿ ಹಾಕುವ ಮೊದಲು ಗ್ರಾಚ್ಯುಯಿಟಿಯ ಲೆಕ್ಕ ಬರೆಸಿಕೊಳ್ಳಿ. ಬಾಕಿ ಎಲ್ಲ ಸಂದಾಯವಾಗಿದೆ ಎಂಬ ಕಾಗದಕ್ಕೆ ಹಣ ಕೈಗೆ ಬರುವ ಮೊದಲು ಸಹಿ ಹಾಕಬೇಡಿ. ಅನುಭವದ ಪತ್ರವನ್ನು ಕಂಪನಿಯ ಮೊಹರಿನೊಡನೆ ಪಡೆಯಿರಿ. ಕಾಸರಗೋಡಿನವರಾದರೆ ಹಳೆಯ ಪಾಸ್‌ಪೋರ್ಟುಗಳನ್ನು ಜೋಪಾನ ಮಾಡಿ, ಎರಡು ವರ್ಷ ಹೊರಗೆ ದುಡಿದದ್ದಕ್ಕೆ ನೋರ್ಕಾದ ಕಚೇರಿಯಲ್ಲಿ ತೋರಿಸಬೇಕಾದ ಸಾಕ್ಷಿ ಅವುಗಳ ಪುಟಗಳ ಮೇಲಿನ ಮುದ್ರೆಗಳು.